ಬಿದ್ದವರಿಗೆ ಗೊತ್ತಿಲ್ಲ, ನೋಡಿದವರನ್ನು ಕೇಳುವವರಿಲ್ಲ

ಕಳೆದ ಬೇಸಿಗೆಯಲ್ಲಿ ಕುಡಿಯುವ ನೀರಿನ ಸುದ್ದಿಗೆಂದು ಚಾಮರಾಜನಗರ ಜಿಲ್ಲೆಯ ಒಂದು ಊರಿಗೆ ಹೋಗಿದ್ದೆವು. ಬಿಸಿಲು ಜಾಸ್ತಿ ಇತ್ತು ಅಂತ ಅಲ್ಲಿನ ಆರೋಗ್ಯ ಉಪಕೇಂದ್ರದ ಜಗಲಿ ಮೇಲೆ ಕೂತೆವು. ಒಳಗೆ ಟ್ಯಾಬ್ ಮುಂದೆ 19 ವರ್ಷದ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಟ್ಯಾಬ್‌ನಲ್ಲಿ ದೂರದ ಊರಿನ ಡಾಕ್ಟರು. ಬಾಗಿಲು ತೆರೆದೇ ಇತ್ತು, ಮಾತು ನಮಗೂ ಕೇಳಿಸುತ್ತಿತ್ತು.

"ಯಾವಾಗ ಬಿದ್ದದ್ದಮ್ಮ?"

"ಶನಿವಾರ ಸಾರ್, ಹೊಲಿಗೆ ಕ್ಲಾಸಲ್ಲಿ."

"ಕೈಕಾಲು ಅದುರ್ತಾ?"

"ಗೊತ್ತಿಲ್ಲ ಸಾರ್."

"ಎಷ್ಟು ಹೊತ್ತು ಎಚ್ಚರ ಇರಲಿಲ್ಲ?"

"ಗೊತ್ತಿಲ್ಲ ಸಾರ್."

ಆಗ ತಾಯಿ ಬಾಯಿ ಹಾಕಿದರು: "ಅದುರ್ತಂತೆ ಸಾರ್, ಕೈ ಅದುರ್ತಂತೆ." ತಾಯಿಯೂ ನೋಡಿರಲಿಲ್ಲ. ಯಾರೋ ಹೇಳಿದ್ದನ್ನು ಹೇಳಿದರು ಅಷ್ಟೆ. ಡಾಕ್ಟರು ಇನ್ನೆರಡು ಪ್ರಶ್ನೆ ಕೇಳಿ, ಪಿಟ್ಸು ಇರಬಹುದು ಅಂತ ಮಾತ್ರೆ ಬರೆದರು. ಆ ಕಡೆ ಇನ್ನೂ ಎಷ್ಟು ಜನ ಸಾಲಿನಲ್ಲಿದ್ದರೋ. ನಾಲ್ಕೈದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರ್ ಮೇಲೆ ಇನ್ನೊಬ್ಬ ಹುಡುಗಿ ಮೊಬೈಲ್ ನೋಡುತ್ತ ಕೂತಿದ್ದಳು. ಇವರನ್ನು ಕರೆದುಕೊಂಡು ಬಂದವಳು ಅವಳೇ. ಸುಮ್ಮನೆ ಮಾತಿಗೆ ಎಳೆದೆವು. ಬಿದ್ದಾಗ ಜೊತೆಯಲ್ಲಿದ್ದವಳೂ ಅವಳೇ. ಅವಳು ಹೇಳಿದ್ದು ಇಷ್ಟು: "ಕರೆಂಟು ಹೋಗಿತ್ತಣ್ಣ, ಫ್ಯಾನ್ ಇರಲಿಲ್ಲ. ಅವ್ಳು ಶನಿವಾರ ಒಪ್ಪತ್ತು, ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅಳತೆ ಕೊಡೋಕೆ ತುಂಬ ಹೊತ್ತು ನಿಂತಿದ್ಲು. ಕಣ್ಣು ಮಂಜಾಗ್ತಾ ಐತೆ ಕಣೇ ಅಂದ್ಲು. ಮುಖ ಬೆಳ್ಳಗಾಗಿ ಬೆವರಿಟ್ಟು ಗೋಡೆಗೆ ಒರಗಿಕೊಂಡಂಗೇ ಜಾರಿದ್ಲು. ಕೈ ಒಂದು ಮೂರು ಸಲ ಕಿತ್ಕೊಂಡಂಗಾಯ್ತು. ನಾನು ನೀರು ತರೋಷ್ಟರಲ್ಲಿ ಕಣ್ಣು ಬಿಟ್ಟು, ಯಾಕ್ರೇ ಎಲ್ಲಾ ನಿಂತವ್ರೆ ಅಂದ್ಲು. ನಾಚ್ಕೊಂಡ್ಲು ಪಾಪ."

ನಾವು ಡಾಕ್ಟರಲ್ಲ. ಆದರೆ ಈ ಒಂದು ನಿಮಿಷದ ಮಾತನ್ನು ಯಾವ ಡಾಕ್ಟರ ಮುಂದೆ ಇಟ್ಟರೂ ಅವರು ಮೊದಲು ಯೋಚಿಸುವುದು ಪಿಟ್ಸಿನ ಬಗ್ಗೆ ಅಲ್ಲ, ಸಾಮಾನ್ಯ ಬವಳಿಯ ಬಗ್ಗೆ. ಆ ಮಾತು ಟ್ಯಾಬಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮರದ ಕೆಳಗೆ ಕೂತಿತ್ತು. ಅದನ್ನು ಯಾರೂ ಕರೆಯಲಿಲ್ಲ.

ಪರದೆ ಮೇಲಿನ ಡಾಕ್ಟರ್ ಬೇಡ ಅಂತ ನಾವು ಹೇಳುತ್ತಿಲ್ಲ. ಬೇಕೇ ಬೇಕು. ನರರೋಗ ತಜ್ಞರನ್ನು ಕಾಣಬೇಕಾದರೆ ನಮ್ಮ ಕಡೆಯವರು ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕು. ಜೊತೆಗೊಬ್ಬರು, ಎರಡು ದಿನದ ಕೂಲಿ, ಊಟ, ಬಸ್ ಚಾರ್ಜು ಎಲ್ಲ ಲೆಕ್ಕ ಹಾಕಿ ಎಷ್ಟೋ ಜನ ಹೋಗುವುದೇ ಇಲ್ಲ. ಅಂಥವರಿಗೆ ಊರಿನ ಉಪಕೇಂದ್ರದಲ್ಲೇ ಇ-ಸಂಜೀವಿನಿ ಮೂಲಕ ಡಾಕ್ಟರು ಸಿಗುವುದು ಸಣ್ಣ ಮಾತಲ್ಲ. ನಮ್ಮ ತಕರಾರು ಬೇರೆ. ಕೆಮ್ಮು, ನೆಗಡಿ, ಚರ್ಮದ ಕಜ್ಜಿಗೆ ರೋಗಿಯೊಬ್ಬರು ಪರದೆ ಮುಂದೆ ಕೂತರೆ ನಡೆಯುತ್ತದೆ. ಎಚ್ಚರ ತಪ್ಪಿ ಬಿದ್ದ ಕೇಸಿಗೆ ನಡೆಯುವುದಿಲ್ಲ. ಯಾಕೆಂದರೆ ಈ ಒಂದು ಕಾಯಿಲೆಯಲ್ಲಿ ಆದದ್ದು ಏನು ಅಂತ ರೋಗಿಗೇ ಗೊತ್ತಿರುವುದಿಲ್ಲ. ಬಿದ್ದವರಿಗೆ ಬೀಳುವ ಮುಂಚಿನ ಕ್ಷಣ ಗೊತ್ತು, ಎದ್ದ ಮೇಲಿನದು ಗೊತ್ತು. ನಡುವಿನದು ಪಕ್ಕದಲ್ಲಿದ್ದವರ ಹತ್ತಿರ ಇರುತ್ತದೆ.

ಎಚ್ಚರ ತಪ್ಪುವುದಕ್ಕೆ ಕಾರಣ ಒಂದೆರಡಲ್ಲ. ದೊಡ್ಡದಾಗಿ ಮೂರು ಗುಂಪು ಮಾಡುತ್ತಾರೆ. ಮೊದಲನೆಯದು, ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗಿ ಬೀಳುವುದು. ಹಸಿವು, ಬಿಸಿಲು, ನಿಂತೇ ಇರುವುದು, ರಕ್ತ ನೋಡುವುದು, ನೋವು ಎಲ್ಲ ಇದರಲ್ಲಿ ಬರುತ್ತವೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಉಪವಾಸ ಮಾಡಿಕೊಂಡು ಕಾಲ್ನಡಿಗೆಯಲ್ಲಿ ಹೋಗುವವರು ದಾರಿಯಲ್ಲಿ ಬೀಳುವುದನ್ನು ನೋಡಿದ್ದೀರಲ್ಲ, ಬಹುಪಾಲು ಇದೇ. ಬಿಪಿ ಮಾತ್ರೆ ತಗೊಳ್ಳುವ ಅಜ್ಜ ರಾತ್ರಿ ಮೂತ್ರಕ್ಕೆ ಎದ್ದು ಬಚ್ಚಲಲ್ಲಿ ಬೀಳುವುದೂ ಇದೇ ಗುಂಪು. ಹೃದಯದ ಬಡಿತ ಕೆಟ್ಟು ಬೀಳುವುದೂ ಇದರೊಳಗೇ ಬರುತ್ತದೆ, ಅದು ಮಾತ್ರ ಪ್ರಾಣಕ್ಕೆ ಕುತ್ತು. ಎರಡನೆಯದು ಮೂರ್ಛೆರೋಗ, ನಮ್ಮ ಬಾಯಲ್ಲಿ ಪಿಟ್ಸು. ಮೂರನೆಯದು, ಮನಸ್ಸಿನ ಒತ್ತಡ ಮೈಮೇಲೆ ಪಿಟ್ಸಿನಂತೆಯೇ ಕಾಣಿಸಿಕೊಳ್ಳುವುದು. ಇದಕ್ಕೆ ನಮ್ಮೂರುಗಳಲ್ಲಿ ಗಾಳಿ, ದೆವ್ವ, ನಾಟಕ ಅಂತೆಲ್ಲ ಹೆಸರು. ನಾಟಕ ಅಲ್ಲ, ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಇದೆ. ಇವಲ್ಲದೆ ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಸಕ್ಕರೆ ಇಳಿಯುವುದು, ಹೊಲಕ್ಕೆ ಔಷಧಿ ಹೊಡೆಯುವಾಗ ವಿಷ ಮೈಗೆ ಹತ್ತುವುದು ಬೇರೆ.

ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಪ್ರಯೋಜನವಿಲ್ಲ, ಕೆಲವು ಸಲ ಅಪಾಯ.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ವಿಷಯವೊಂದಿದೆ. ಕೈಕಾಲು ಅದುರಿತು ಅಂದ ಕೂಡಲೇ ಪಿಟ್ಸು ಅಂತ ನಾವೆಲ್ಲ ತೀರ್ಮಾನ ಮಾಡಿಬಿಡುತ್ತೇವೆ. ಜರ್ಮನಿಯ ವೈದ್ಯರು ಆರೋಗ್ಯವಾಗಿದ್ದ ಹುಡುಗ ಹುಡುಗಿಯರನ್ನು ಒಪ್ಪಿಸಿ, ಬೇಕೆಂದೇ ತಲೆಸುತ್ತು ಬರಿಸಿ ಬೀಳಿಸಿ, ಅದನ್ನೆಲ್ಲ ವಿಡಿಯೊ ಮಾಡಿ 1994ರಲ್ಲಿ ಪ್ರಕಟಿಸಿದರು. ಪೂರ್ತಿ ಎಚ್ಚರ ತಪ್ಪಿದವರು 42 ಜನ. ಅವರಲ್ಲಿ 38 ಜನರ ಕೈಕಾಲು ಒಂದಿಷ್ಟು ಅದುರಿದ್ದು ವಿಡಿಯೊದಲ್ಲಿ ಕಂಡಿತು. ಯಾರಿಗೂ ಪಿಟ್ಸು ಇರಲಿಲ್ಲ, ಬರೀ ಬವಳಿ. ಹಾಗಾಗಿ "ಅದುರ್ತಾ?" ಅನ್ನುವ ಒಂದೇ ಪ್ರಶ್ನೆಗೆ "ಹೌದು" ಅನ್ನುವ ಉತ್ತರ ಬಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಷ್ಟು ಹೊತ್ತು ಅದುರಿತು? ಬಿದ್ದ ಮೇಲೆ ಅದುರಿತೋ, ಮೈ ಸೆಟೆದು ಅದುರುತ್ತಲೇ ಬಿದ್ದರೋ? ಮುಖ ಬೆಳ್ಳಗಾಯಿತೋ, ತುಟಿ ನೀಲಿಗೆ ತಿರುಗಿತೋ? ಕಣ್ಣು, ತಲೆ ಒಂದೇ ಕಡೆಗೆ ತಿರುಗಿತ್ತಾ? ನಾಲಿಗೆ ಪಕ್ಕದಲ್ಲಿ ಕಚ್ಚಿಕೊಂಡಿತ್ತಾ? ಎದ್ದ ಮೇಲೆ ತಕ್ಷಣ ಸರಿಯಾಗಿ ಮಾತಾಡಿದರಾ, ಇಲ್ಲ ಅರ್ಧ ಗಂಟೆ ಯಾರು ಎತ್ತ ಅಂತ ತಿಳಿಯದೆ ಮಂಕಾಗಿದ್ದರಾ? ಈ ಉತ್ತರಗಳಲ್ಲಿ ಕಾಯಿಲೆಯ ಗುಟ್ಟು ಇದೆ. ಮೆದುಳಿನ ಪರೀಕ್ಷೆ ಇಇಜಿ ಮಾಡಿಸಿದರೆ ಗೊತ್ತಾಗಿಯೇ ಬಿಡುತ್ತದೆ ಅಂತ ಜನ ನಂಬಿದ್ದಾರೆ. ಪಿಟ್ಸು ಇರುವವರಿಗೂ ಎಷ್ಟೋ ಸಲ ಅದು ಸರಿಯಾಗಿಯೇ ಬರುತ್ತದೆ. ಸಾವಿರಾರು ರೂಪಾಯಿಯ ಸ್ಕ್ಯಾನಿಗಿಂತ ಪಕ್ಕದಲ್ಲಿದ್ದ ಗೆಳತಿಯ ಮಾತೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ.

ತಪ್ಪು ಹೆಸರು ಬಿದ್ದರೆ ಏನಾಗುತ್ತದೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. "ಆ ಹುಡುಗಿಗೆ ಪಿಟ್ಸಂತೆ" ಅನ್ನುವ ಮಾತು ಹೊಲಿಗೆ ಕ್ಲಾಸಿನಿಂದ ಹಾಲಿನ ಡೈರಿಗೆ ಬರಲು ಒಂದು ದಿನ ಸಾಕು. ಗಂಡು ನೋಡಲು ಬಂದವರ ಕಿವಿಗೆ ಬೀಳಲು ಇನ್ನೊಂದು ದಿನ. ಮೂರ್ಛೆರೋಗ ಇದ್ದರೆ ಮದುವೆ ಕಾನೂನಿನಲ್ಲೇ ಅಡ್ಡಿ ಇತ್ತು, ಹಿಂದೂ ವಿವಾಹ ಕಾಯ್ದೆಯಿಂದ ಆ ಪದವನ್ನು ತೆಗೆದದ್ದು 1999ರಲ್ಲಿ. ಕಾಯ್ದೆಯಿಂದ ಹೋಯಿತು, ನಮ್ಮ ಬಾಯಿಂದ ಹೋಗಿಲ್ಲ. ಗಾಡಿ ಓಡಿಸುವವರಿಗೆ ಇನ್ನೊಂದು ಕಷ್ಟ. ಡ್ರೈವಿಂಗ್ ಲೈಸೆನ್ಸಿಗೆ ತುಂಬುವ ಫಾರಂ 1ರಲ್ಲಿ ಮೂರ್ಛೆರೋಗವೋ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವ ತೊಂದರೆಯೋ ಇದೆಯೇ ಅಂತ ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಒಂದು ಸಲ ಉಪವಾಸದಲ್ಲಿ ಬಿದ್ದ ಗೂಡ್ಸ್ ಆಟೊ ಹುಡುಗನಿಗೆ ತಪ್ಪು ಹೆಸರು ಅಂಟಿದರೆ ಅವನ ಅನ್ನ ಹೋಯಿತು.

ಇದರ ಉಲ್ಟಾ ಇನ್ನೂ ಭಯದ್ದು. ಹೃದಯದ ತೊಂದರೆಯಿಂದ ಬಿದ್ದವರನ್ನು ಪಿಟ್ಸು ಅಂತ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಮುಂದಿನ ಸಲ ಅವರು ಏಳದೇ ಇರಬಹುದು. ಇಂಗ್ಲೆಂಡಿನಂಥ ದೇಶದಲ್ಲೇ ಪಿಟ್ಸು ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದವರನ್ನು ಮರುಪರೀಕ್ಷೆ ಮಾಡಿದಾಗ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಪಿಟ್ಸೇ ಇರಲಿಲ್ಲ ಅಂತ ಅಧ್ಯಯನಗಳು ಹೇಳಿವೆ. ಅಲ್ಲಿ ತಜ್ಞರಿದ್ದಾರೆ, ಎಚ್ಚರ ತಪ್ಪಿದವರನ್ನು ಹೇಗೆ ವಿಚಾರಿಸಬೇಕು ಅಂತ 2010ರಲ್ಲೇ ಸರ್ಕಾರಿ ಮಾರ್ಗಸೂಚಿ ಬಂದಿದೆ. ಆದರೂ ಈ ಗತಿ. ನಾಲ್ಕು ನಿಮಿಷದ ನಮ್ಮ ವಿಡಿಯೊ ಕಾಲ್‌ನಲ್ಲಿ ಎಷ್ಟು ತಪ್ಪಾಗುತ್ತಿರಬಹುದು, ನೀವೇ ಊಹಿಸಿ.

ಅದೇ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಪರದೆ ಮೇಲೆ ಕಾಣುವುದು ನಿಜವಾದ ಡಾಕ್ಟರಲ್ಲ, ಕಂಪ್ಯೂಟರಿನ ಡಾಕ್ಟರ್. ಆ ಬೊಂಬೆ ಡಾಕ್ಟರ್ ಪ್ರಶ್ನೆ ಕೇಳುತ್ತದೆ, ಬಿದ್ದವರು ಬಾಯಲ್ಲೇ ಉತ್ತರ ಹೇಳುತ್ತಾರೆ, ಆ ಮಾತನ್ನು ಕಂಪ್ಯೂಟರ್ ಪರಿಶೀಲಿಸಿ ಕಾರಣ ಯಾವುದಿರಬಹುದು ಅಂತ ಹುಡುಕುವ ಪ್ರಯತ್ನ. ಇದರ ಹಿಂದೆ ವರ್ಷಗಳ ಕೆಲಸವಿದೆ. ಪಿಟ್ಸು ಇರುವವರು ತಮಗೆ ಬೀಳುವ ಮುಂಚೆ ಏನನ್ನಿಸಿತು ಅನ್ನುವುದನ್ನು ತಡವರಿಸಿಕೊಂಡು, ತಿದ್ದಿಕೊಂಡು, ಬಿಡಿಸಿ ಬಿಡಿಸಿ ಹೇಳಲು ನೋಡುತ್ತಾರಂತೆ. ಮನಸ್ಸಿನ ಒತ್ತಡದಿಂದ ಬೀಳುವವರು ಬೀಳುವಾಗ ಒಳಗೆ ಆದದ್ದರ ಬಗ್ಗೆ ಕಡಿಮೆ ಹೇಳಿ, ಎಲ್ಲಿ ಬಿದ್ದೆ, ಯಾರಿದ್ದರು, ಆಮೇಲೆ ಏನಾಯಿತು ಅನ್ನುವುದನ್ನು ಹೆಚ್ಚು ಹೇಳುತ್ತಾರಂತೆ. ಮಾತಿನ ಈ ಧಾಟಿಯನ್ನು ಯಂತ್ರಕ್ಕೆ ಕಲಿಸಬಹುದೇ ಅನ್ನುವುದು ಅವರ ಹುಡುಕಾಟ.

ಕೇಳಲು ಚೆನ್ನಾಗಿದೆ. ಆದರೆ ಆ ಯಂತ್ರ ಕಲಿತಿರುವುದು ಇಂಗ್ಲಿಷ್ ಮಾತಾಡುವವರ ಧಾಟಿ. ನಮ್ಮ ಹುಡುಗಿ ಡಾಕ್ಟರ ಮುಂದೆ "ಗೊತ್ತಿಲ್ಲ ಸಾರ್" ಅಂದದ್ದು ಕಾಯಿಲೆಯ ಲಕ್ಷಣವಲ್ಲ, ದೊಡ್ಡವರ ಮುಂದೆ ಹೆಚ್ಚು ಮಾತಾಡಬಾರದು ಅಂತ ಮನೆಯಲ್ಲಿ ಕಲಿಸಿದ್ದು. ನಮ್ಮ ಕಡೆ ಹೆಂಗಸರು ಗಂಡಸು ಡಾಕ್ಟರ ಮುಂದೆ ಮೈಯ ಸಂಗತಿಯನ್ನು ಸುತ್ತಿ ಬಳಸಿ ಹೇಳುತ್ತಾರೆ. ಚಾಮರಾಜನಗರದ ಕನ್ನಡ, ಕಲಬುರಗಿಯ ಕನ್ನಡ, ಮನೆಯಲ್ಲಿ ಸೋಲಿಗರ ನುಡಿ ಆಡುವವರ ಕನ್ನಡ ಎಲ್ಲವನ್ನೂ ಕೇಳಿಸಿಕೊಂಡು ಕಲಿಯದ ಯಂತ್ರ ನಮ್ಮ ಸಂಕೋಚವನ್ನೇ ಕಾಯಿಲೆ ಅಂತ ಓದಿದರೆ? ನಾಳೆ ಯಾವುದಾದರೂ ಕಂಪನಿ ಇಂಥದ್ದನ್ನು ಹಳ್ಳಿಗೆ ತಂದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಶೆಫೀಲ್ಡಿನವರ ಇನ್ನೊಂದು ಕೆಲಸ ನಮಗೆ ಹೆಚ್ಚು ಹಿಡಿಸಿತು. ಬಿದ್ದವರು ತುಂಬಿದ ಪ್ರಶ್ನಾವಳಿಯ ಜೊತೆಗೆ ನೋಡಿದವರೂ ಒಂದು ಪ್ರಶ್ನಾವಳಿ ತುಂಬಿದರೆ ಕಾರಣ ಗುರುತಿಸುವುದು ಇನ್ನಷ್ಟು ಸರಿಯಾಗುತ್ತದೆ ಅಂತ ಅವರು 2019ರಲ್ಲಿ ತೋರಿಸಿದರು. ನಮ್ಮ ಹತ್ತಿರದ ಅನುಭವವೂ ಇದೆ. ಉತ್ತರ ಐರ್ಲೆಂಡಿನ ನರರೋಗ ತಜ್ಞರೊಬ್ಬರು ಭಾರತ ಮತ್ತು ನೇಪಾಳದ ವೈದ್ಯರ ಜೊತೆ ಸೇರಿ, ಡಾಕ್ಟರಲ್ಲದ ಆರೋಗ್ಯ ಕಾರ್ಯಕರ್ತರೂ ಬಳಸಬಹುದಾದ ಒಂದು ಫೋನ್ ಆ್ಯಪ್ ಮಾಡಿದರು. ಕೆಲವೇ ಪ್ರಶ್ನೆ. ಉತ್ತರ ಒತ್ತುತ್ತಾ ಹೋದರೆ ಇದು ಪಿಟ್ಸು ಇರುವ ಸಾಧ್ಯತೆ ಎಷ್ಟು ಅಂತ ತೋರಿಸುತ್ತದೆ. ಎರಡೂ ದೇಶಗಳ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2015ರಲ್ಲಿ ವರದಿ ಬರೆದರು. ದೊಡ್ಡ ಯಂತ್ರವೇನೂ ಬೇಕಿಲ್ಲ ಅಂತಾಯಿತು. ಸರಿಯಾದ ಪ್ರಶ್ನೆಗಳ ಪಟ್ಟಿ ಮತ್ತು ಉತ್ತರ ಗೊತ್ತಿರುವ ಮನುಷ್ಯ, ಇವೆರಡು ಒಂದೇ ಜಾಗದಲ್ಲಿ ಇರಬೇಕು.

ಪ್ರಶ್ನೆ ಅಂದಾಗ ನಮ್ಮ ಜಿಲ್ಲೆಯ ಮಾತೊಂದು ಹೇಳಲೇಬೇಕು. ಯಳಂದೂರು ತಾಲ್ಲೂಕು ಅಂದರೆ ಹೊರಗಿನವರಿಗೆ ಬಿಳಿಗಿರಿರಂಗನ ಬೆಟ್ಟ. ಮೂರ್ಛೆರೋಗದ ತಜ್ಞರಿಗೆ ಮಾತ್ರ ಯಳಂದೂರು ಬೇರೆ ಕಾರಣಕ್ಕೆ ಗೊತ್ತು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಇಲ್ಲಿನ ಹಳ್ಳಿಗಳಲ್ಲಿ ಪಿಟ್ಸು ಇರುವವರನ್ನು ಹುಡುಕಿ, ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಅದನ್ನು ಹತೋಟಿಗೆ ತರಬಹುದು ಅಂತ ತೋರಿಸಿಕೊಟ್ಟರು. ಆ ಅಧ್ಯಯನ 2001ರಲ್ಲಿ ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ ಪಿಟ್ಸು ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ ಸಾವಿರಕ್ಕೆ 11.9 ಇತ್ತು. ಹಳ್ಳಿಯಲ್ಲಿ ಎರಡು ಪಟ್ಟು. ತಜ್ಞರು ಇರುವುದು ಮಾತ್ರ ನಗರದಲ್ಲಿ.

ಇನ್ನೊಂದು ಸಂಗತಿ ಈ ಸೀಮೆಯದ್ದೇ. ಬಿಸಿನೀರಿನ ಪಿಟ್ಸು. ಹಂಡೆಯಿಂದ ಸುಡುಸುಡು ನೀರನ್ನು ಚೊಂಬಲ್ಲಿ ತೋಡಿ ತೋಡಿ ತಲೆಗೆ ಹುಯ್ದುಕೊಳ್ಳುವಾಗ ಬರುವ ಮೂರ್ಛೆ ಇದು. ಜಗತ್ತಿನಲ್ಲಿ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ಬೆಂಗಳೂರಿನ ವೈದ್ಯರು ದಶಕಗಳಿಂದ ಇದರ ಬಗ್ಗೆ ಬರೆದಿದ್ದಾರೆ. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಹೆಚ್ಚು. ಕೆಲವರಿಗೆ ನೀರಿನ ಬಿಸಿ ಕಡಿಮೆ ಮಾಡಿ, ತಲೆಗೆ ಒಂದೇ ಸಮನೆ ಹುಯ್ಯದಿದ್ದರೆ ಸಾಕಾಗುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಮಾತ್ರೆ ಕೊಡುತ್ತಾರೆ. ಈಗ ಯಾವುದೋ ಖಾಸಗಿ ಆ್ಯಪ್‌ನಲ್ಲಿ ದೇಶದ ಯಾವುದೋ ಮೂಲೆಯ ಡಾಕ್ಟರು ಸಿಕ್ಕರು ಅನ್ನಿ. "ಬಚ್ಚಲಲ್ಲಿ ಬಿದ್ದ" ಅಂದರೆ ಜಾರಿ ಬಿದ್ದ ಅಂದುಕೊಳ್ಳುತ್ತಾರೆ. "ತಲೆಗೆ ಬಿಸಿನೀರು ಹುಯ್ಕೊಳ್ಳುವಾಗಲಾ?" ಅಂತ ಕೇಳಬೇಕು ಅಂತ ಮಂಡ್ಯ, ಮೈಸೂರು, ಚಾಮರಾಜನಗರದ ಡಾಕ್ಟರಿಗೆ ತೋಚುತ್ತದೆ, ಅವರಿಗೆ ತೋಚದಿರಬಹುದು. ಅವರು ಕೇಳದಿದ್ದರೆ ನೀವೇ ಹೇಳಿ.

ಇನ್ನು ಫೋನಿನ ವಿಡಿಯೊ. ಮನೆಯವರು ಮೊಬೈಲ್‌ನಲ್ಲಿ ತೆಗೆದ ವಿಡಿಯೊ ನೋಡಿ ತಜ್ಞರು ಪಿಟ್ಸು ಹೌದೋ ಅಲ್ಲವೋ ಅಂತ ಬಹಳಷ್ಟು ಸಲ ಸರಿಯಾಗಿ ಹೇಳಬಲ್ಲರು ಅಂತ ಅಮೆರಿಕದಲ್ಲಿ ಅಧ್ಯಯನವೇ ಆಗಿದೆ, 2020ರಲ್ಲಿ ಪ್ರಕಟವಾಯಿತು. ಹಳ್ಳಿಯಲ್ಲಿ ಈಗ ಯಾರಾದರೂ ಬಿದ್ದರೆ ನಾಲ್ಕು ಮೊಬೈಲ್ ಮೇಲೇಳುತ್ತವೆ. ದುರಂತ ಏನೆಂದರೆ ಆ ವಿಡಿಯೊ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ, ಡಾಕ್ಟರಿಗೆ ಹೋಗುವುದಿಲ್ಲ. ದೇವಸ್ಥಾನದ ಮುಂದೆ ಬಿದ್ದ ಹೆಂಗಸಿನ ವಿಡಿಯೊ ಒಂದು ನಮ್ಮ ಫೋನಿಗೂ ಮೂರು ಗುಂಪುಗಳಿಂದ ಬಂತು, ನಗುವ ಬೊಂಬೆಗಳ ಸಮೇತ. ಆಮೇಲೆ ಅವರ ಮನೆಯವರನ್ನು ಕಂಡಾಗ ಕೇಳಿದೆವು. ಡಾಕ್ಟರಿಗೆ ತೋರಿಸಿದಿರಾ ಅಂದರೆ, ಅವರ ಹತ್ತಿರ ಆ ವಿಡಿಯೊನೇ ಇರಲಿಲ್ಲ.

ಆದ್ದರಿಂದ ಒಬ್ಬರು ಬಿದ್ದವರನ್ನು ನೋಡಿಕೊಳ್ಳಿ, ಇನ್ನೊಬ್ಬರು ಮುಖ ಮತ್ತು ಕೈಕಾಲು ಎರಡೂ ಕಾಣುವಂತೆ ವಿಡಿಯೊ ತೆಗೆಯಿರಿ, ಎದ್ದು ಮಾತಾಡುವವರೆಗೂ ತೆಗೆಯಿರಿ. ಬಟ್ಟೆ ಸರಿದಿದ್ದರೆ ಮೊದಲು ಸರಿ ಮಾಡಿ. ಆ ವಿಡಿಯೊವನ್ನು ಮನೆಯವರಿಗೆ ಕೊಟ್ಟು ನಿಮ್ಮ ಫೋನಿನಿಂದ ಅಳಿಸಿಬಿಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಬೇಡ. ಅದರಿಂದ ಏನೂ ಆಗುವುದಿಲ್ಲ. ಬಾಯಿಗೆ ನೀರು ಹಾಕಬೇಡಿ, ಹಲ್ಲಿನ ನಡುವೆ ಚಮಚ ತುರುಕಬೇಡಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಅದುರುವುದು 5 ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಗರ್ಭಿಣಿಯಾಗಿದ್ದರೆ, ಉಸಿರು ಸರಿಯಿಲ್ಲದಿದ್ದರೆ ವಿಡಿಯೊ ಬಿಟ್ಟು 108ಕ್ಕೆ ಫೋನ್ ಮಾಡಿ.

ಪರದೆ ಮೇಲೆ ಎಷ್ಟು ಒಳ್ಳೆಯ ಡಾಕ್ಟರಿದ್ದರೂ ಅವರ ಕೈಗೆ ಸಿಗದ್ದು ನಾಡಿ. ಹೃದಯದ ತೊಂದರೆಯನ್ನು ಮಾತಿನಿಂದ ಅನುಮಾನಿಸಬಹುದು, ಇಸಿಜಿ ಇಲ್ಲದೆ ಮುಂದೆ ಹೋಗಲು ಆಗದು. ಓಡುವಾಗ, ಮೂಟೆ ಹೊರುವಾಗ, ಕಬಡ್ಡಿ ಆಡುವಾಗ ಬಿದ್ದರೆ, ಎದೆ ಡವಗುಟ್ಟಿ ಬಿದ್ದರೆ, ಯಾವ ಸುಳಿವೂ ಇಲ್ಲದೆ ಕೂತಲ್ಲೇ ಅಥವಾ ಮಲಗಿದ್ದಲ್ಲೇ ಎಚ್ಚರ ತಪ್ಪಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ಅಂತ ಸತ್ತವರಿದ್ದರೆ, ಅವತ್ತೇ ಇಸಿಜಿ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೂಡಲೇ ಓದಿಸುವ ಹೃದಯ ಜ್ಯೋತಿ ಯೋಜನೆಯನ್ನು ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ತಂದಿದೆ. ಅದು ಎದೆನೋವಿನವರಿಗಾಗಿ ಮಾಡಿದ್ದು. ಎಚ್ಚರ ತಪ್ಪಿ ಬಿದ್ದವರಿಗೂ ಅದೇ ದಾರಿ ತೆರೆಯಲು ಹೊಸ ಕಟ್ಟಡ ಬೇಕಿಲ್ಲ, ಒಂದು ಸುತ್ತೋಲೆ ಸಾಕು ಅನ್ನುವುದು ನಮ್ಮ ಅನಿಸಿಕೆ.

ಬೇಕಾದದ್ದು ಬಹಳಷ್ಟು ಇಂಥ ಸಣ್ಣ ಬದಲಾವಣೆಗಳೇ. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಎಚ್ಚರ ತಪ್ಪಿದ ಕೇಸು ಬಂದಾಗ ಡಾಕ್ಟರಿಗೆ ಕಾಲ್ ಮಾಡುವ ಮುಂಚೆ "ನೋಡಿದವರು ಯಾರು?" ಅಂತ ಕೇಳಲಿ. ಅವರು ಬಂದಿಲ್ಲದಿದ್ದರೆ ಫೋನಿನಲ್ಲಾದರೂ ಹಿಡಿಯಲಿ. ಮೇಲೆ ಹೇಳಿದ ಆರೇಳು ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಲಿ. ಇಂಥ ಕೇಸಿಗೆ ಡಾಕ್ಟರಿಗೆ ಹದಿನೈದು ನಿಮಿಷ ಸಿಗುವಂತೆ ಮಾಡಲಿ. ದಿನಕ್ಕೆ ಎಷ್ಟು ಕಾಲ್ ಆಯಿತು ಅನ್ನುವ ಲೆಕ್ಕದಿಂದ ಕೆಲಸ ಅಳೆಯುವ ತನಕ ಯಾವ ಡಾಕ್ಟರೂ ಹದಿನೈದು ನಿಮಿಷ ಕೊಡಲಾರರು, ಅದು ಅವರ ತಪ್ಪೂ ಅಲ್ಲ. ಮಾತಿನಿಂದ ತೀರ್ಮಾನ ಆಗದಿದ್ದರೆ ಚೀಟಿಯಲ್ಲಿ "ಪಿಟ್ಸು" ಅಂತ ಬರೆಯುವ ಬದಲು "ಎಚ್ಚರ ತಪ್ಪಿದೆ, ಕಾರಣ ತಿಳಿದಿಲ್ಲ" ಅಂತಲೇ ಬರೆಯಲಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಬ್ರೇನ್ ಹೆಲ್ತ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್ ಶುರುವಾಗಿವೆ, ಅಲ್ಲಿಗೆ ಕಳಿಸಲಿ. ಮನಸ್ಸಿನ ಒತ್ತಡ ಅಂತ ಗೊತ್ತಾದವರಿಗೆ ಟೆಲಿ-ಮಾನಸ್ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ಇಷ್ಟೆಲ್ಲ ಪುರಾಣ ಯಾಕೆ, ಮಾತ್ರೆ ತಗೊಂಡರೆ ಏನು ನಷ್ಟ?" ಅಂತ ಕೇಳಿದವರಿದ್ದಾರೆ. ನಿಜವಾಗಿ ಪಿಟ್ಸು ಇರುವವರು ಮಾತ್ರೆ ತಗೊಳ್ಳಲೇಬೇಕು, ಡಾಕ್ಟರು ಹೇಳದೆ ಒಂದು ದಿನವೂ ಬಿಡಬಾರದು. ಈ ಬರಹ ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದರಿಂದಲೇ ಜೋರಾಗಿ ಬರಬಹುದು. ಆದರೆ ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಅಂದರೆ ಮಂಪರು, ದುಡ್ಡು, ಊರಿನ ಮಾತು, ಕೆಲವು ಮಾತ್ರೆಗಳಿಂದ ಬಸಿರಾದಾಗ ಮಗುವಿಗೂ ತೊಂದರೆ. 19 ವರ್ಷದ ಹುಡುಗಿಗೆ ಇದು ಸಣ್ಣ ನಷ್ಟವಾ?

ಅವತ್ತು ಮರದ ಕೆಳಗಿನ ಗೆಳತಿಯನ್ನು ನಾವೇ ಒಳಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಆರೋಗ್ಯಾಧಿಕಾರಿ ಒಳ್ಳೆಯ ಹೆಣ್ಣುಮಗಳು, ಮತ್ತೆ ಕಾಲ್ ಹಚ್ಚಲು ಒಪ್ಪಿದರು. ಬೇರೆ ಡಾಕ್ಟರು ಸಿಕ್ಕರು. ಗೆಳತಿ ಎಲ್ಲ ಹೇಳಿದಳು, ಕೈ ಎಷ್ಟು ಸಲ ಕಿತ್ಕೊಂಡಂಗಾಯ್ತು ಅಂತ ತನ್ನ ಕೈಯಲ್ಲೇ ಮಾಡಿ ತೋರಿಸಿದಳು. ಆ ಡಾಕ್ಟರು ಮಾತ್ರೆ ಸದ್ಯಕ್ಕೆ ಶುರು ಮಾಡಬೇಡಿ, ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮತ್ತು ರಕ್ತದ ಪರೀಕ್ಷೆ ಆಗಲಿ ಅಂದರು. ಹೊಲಿಗೆ ಕ್ಲಾಸಿನಲ್ಲಿ ಸಿಸಿ ಕ್ಯಾಮೆರಾ ಏನಾದರೂ ಇದೆಯಾ ಅಂತಲೂ ಕೇಳಿದರು. ಇರಲಿಲ್ಲ. ಪಕ್ಕದ ಗೊಬ್ಬರದ ಅಂಗಡಿಯಲ್ಲಿತ್ತು, ಅದರ ಮುಖ ರಸ್ತೆ ಕಡೆಗೆ.

ಮುಂದಿನ ವಾರ ಆ ತಾಯಿ ನಮಗೆ ಫೋನ್ ಮಾಡಿದರು. ಇಸಿಜಿ ಸರಿಯಾಗಿದೆ, ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಮತ್ತೆ ಹಾಗಾದರೆ ಬನ್ನಿ ಅಂದಿದ್ದಾರೆ ಅಂದರು. ಆಮೇಲೆ ದನಿ ತಗ್ಗಿಸಿ, "ಮೊದಲು ಬರೆದ ಆ ಚೀಟಿ ಏನು ಮಾಡ್ಲಿ ಸಾರ್, ಮನೇಲಿ ಇಟ್ಕೊಂಡ್ರೆ ಯಾರಾದ್ರೂ ನೋಡ್ತಾರೆ" ಅಂತ ಕೇಳಿದರು. ಹರಿಯಬೇಡಿ, ಮುಂದೆ ತೋರಿಸುವ ಡಾಕ್ಟರಿಗೆ ಎರಡೂ ಚೀಟಿ ಬೇಕಾಗುತ್ತದೆ, ಬೀರುವಿನಲ್ಲಿ ಬೀಗ ಹಾಕಿಡಿ ಅಂದೆವು.